ಅದ್ಭುತದ ಕಟ್ಟಳೆ: ಜುಂಜಪ್ಪನ ಕಾವ್ಯ ಮತ್ತು ‘ಶಿಖರಸೂರ್ಯ’ದ ಓದು

ಅದ್ಭುತ ಕಥನಗಳ ಮೇಲೆ ಓದುಗರು ಹೊರಿಸುವ ದೋಷಗಳಲ್ಲಿ ಒಂದು ಹಳೆಯದು: ಏನು ಬೇಕಾದರೂ ನಡೆಯಬಹುದಾದ ಲೋಕದಲ್ಲಿ ಪಾತ್ರಗಳಿಗೆ ನಿಜವಾದ ಸಂಕಟವಿರದು. ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ದಂಥ ಕಾದಂಬರಿಯನ್ನು ಮೆಚ್ಚುವವರೂ ಈ ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ. ಫ್ರೆಂಚ್ ವಿಮರ್ಶಕ ಟೊಡೊರೊವ್ 1970ರಲ್ಲಿ ಮಂಡಿಸಿದ ಅದ್ಭುತ ಸಾಹಿತ್ಯದ ವಿಂಗಡಣೆ ಇಲ್ಲಿ ಹೆಚ್ಚು ನೆರವಿಗೆ ಬಾರದು. ಕಂಡದ್ದು ಸಹಜವೋ ಅಲೌಕಿಕವೋ ಎಂಬ ಓದುಗನ ಅನುಮಾನದಲ್ಲೇ ಅವರು ಆ ಪ್ರಕಾರದ ಪ್ರಾಣವನ್ನು ಕಂಡರು. ಅನುಮಾನಕ್ಕೆ ಎಡೆಯೇ ಇಲ್ಲದ ಕಥನಗಳನ್ನು ಬೇರೊಂದು ಗುಂಪಿಗೆ ಸೇರಿಸಿದರು, ಅವುಗಳ ಒಳಗಿನ ಬಿಗುವು ಎಲ್ಲಿಂದ ಬರುತ್ತದೆಂಬುದನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟರು.

ಆ ಬಿಗುವನ್ನು ಹುಡುಕಲು ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಳಿಬಂದ ಕಾವ್ಯಗಳು ಒಳ್ಳೆಯ ನೆಲೆ. ಅಲ್ಲಿನ ಹಾಡುಗಾರ್ತಿ ಸಿರಿಯಜ್ಜಿಯ ಹಾಡುಗಳನ್ನು ದಾಖಲಿಸಿದ ಕೃಷ್ಣಮೂರ್ತಿ ಹನೂರರಂಥವರ ಸಂಗ್ರಹಕಾರ್ಯ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಮತ್ತೆ ವಿವರಿಸಬೇಕಿಲ್ಲ. ಗಣೆ ಎಂಬ ಬಿದಿರಿನ ಕೊಳಲಿನ ನಾದದೊಂದಿಗೆ ಹಾಡುವ ಜುಂಜಪ್ಪನ ಕಾವ್ಯವನ್ನೇ ನೋಡಬಹುದು. ನಾಯಕ ದೈವಾಂಶದವನು, ದನಕರುಗಳು ಅವನ ಮಾತು ಕೇಳುತ್ತವೆ. ಅಂಥವನಿಗೂ ಸೋದರಮಾವಂದಿರ ಹಗೆ ತಪ್ಪದು, ಅವರು ಇಕ್ಕುವ ವಿಷವೂ ತಪ್ಪದು. ದೈವಬಲ ಹುಲ್ಲುಗಾವಲಿನಲ್ಲಿ ನಡೆದಷ್ಟು ಸಲೀಸಾಗಿ ನಂಟಸ್ತಿಕೆಯ ಅಂಗಳದಲ್ಲಿ ನಡೆಯುವುದಿಲ್ಲ. ಹಾಗಾಗಿ, ಪಾಠಗಳು ಹಾಡುಗಾರರಿಂದ ಹಾಡುಗಾರರಿಗೆ ಬದಲಾಗುತ್ತವೆಂಬ ಎಚ್ಚರದೊಂದಿಗೆ, ಮುದ್ರಿತ ಪಾಠಗಳ ಮಟ್ಟಿಗಾದರೂ, ಹೀಗೆ ಹೇಳಬಹುದೆನಿಸುತ್ತದೆ: ಇಲ್ಲಿ ಅದ್ಭುತವನ್ನು ಕಟ್ಟಿಹಾಕುವುದು ನಿಸರ್ಗದ ನಿಯಮವಲ್ಲ, ನಂಟಿನ ಕಟ್ಟಳೆ. ಸಂಕಟ ಹುಟ್ಟುವುದೂ ಅಲ್ಲಿಯೇ.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೆಂದರೆ, ಹಟ್ಟಿಯ ಕೇಳುಗರಿಗೆ ಜುಂಜಪ್ಪ ದೇವರು, ಕಾದಂಬರಿಯ ಓದುಗನಿಗೆ ನಾಯಕ ಬರೀ ಪಾತ್ರ. ಎರಡನ್ನೂ ಒಂದೇ ಅಳತೆಯಲ್ಲಿ ತೂಗುವುದು ಹೇಗೆ? ಆಕ್ಷೇಪ ಸರಿಯೇ, ಅರ್ಧದಷ್ಟು. ದೈವದ ಪವಾಡವನ್ನು ಕೇಳುಗರು ಏಕೆ ಒಪ್ಪುತ್ತಾರೆಂಬುದಕ್ಕೆ ನಂಬಿಕೆ ಉತ್ತರ ಕೊಡುತ್ತದೆ. ಆ ದೈವಕ್ಕೂ ಕಥೆ ಸೋಲನ್ನೇಕೆ ಇಟ್ಟಿತೆಂಬುದಕ್ಕೆ ಕೊಡದು. ನಂಬಿಕೆಯೊಂದೇ ಸಾಕಾಗಿದ್ದರೆ ಮಾವಂದಿರ ಪ್ರಸಂಗವೇ ಬೇಕಿರಲಿಲ್ಲ. ‘ಶಿಖರಸೂರ್ಯ’ದಲ್ಲೂ ಶಿವಾಪುರದಲ್ಲಿ ದಕ್ಕಿದ ವಿದ್ಯೆಯನ್ನು ಅಧಿಕಾರಕ್ಕೆ ಬಳಸಿಕೊಳ್ಳುವುದೇ ನಾಯಕನ ಅಪರಾಧ. ವಿದ್ಯೆಗೆ ಕಟ್ಟಳೆಯಿದ್ದುದರಿಂದಲೇ ಅದು ಅಪರಾಧವಾಯಿತು. ಹಾಗಿದ್ದ ಮೇಲೆ ಕಾದಂಬರಿಯಲ್ಲಿ ಪವಾಡಗಳು ಹೆಚ್ಚಾದವೆಂದು ದೂರುವುದಕ್ಕಿಂತ, ಕಥೆ ಕನಕಪುರಿಯ ರಾಜಕಾರಣಕ್ಕೆ ಹರಡಿದಂತೆ ಆ ಕಟ್ಟಳೆಯ ಹಿಡಿತ ಎಲ್ಲಿ ಸಡಿಲವಾಯಿತೆಂದು ಕೇಳುವುದು ಹೆಚ್ಚು ನ್ಯಾಯ. ಸಡಿಲವಾಗಿದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಪಠ್ಯದಿಂದಲೇ ವಾದ ಹೂಡಬಹುದು.

ಮೊಳಕಾಲ್ಮೂರು ಭಾಗದ ಮ್ಯಾಸಬೇಡರ ಗಾದ್ರಿ ಪಾಲನಾಯಕನ ಕಾವ್ಯಕ್ಕೂ ಈ ಮಾತನ್ನು ಚಾಚಬಹುದೆಂದು ನಾನು ಹೇಳುತ್ತಿಲ್ಲ. ಅಲ್ಲಿ ನಾಯಕನಿಗೆ ಎದುರಾಗುವುದು ನಂಟರಿಗಿಂತ ಹೆಚ್ಚಾಗಿ ಕಾಡು. ಕಾಡೂ ಕಟ್ಟಳೆಯ ಕೆಲಸ ಮಾಡುತ್ತದೆಯೇ ಎಂಬುದನ್ನು ಆ ಕಾವ್ಯದ ಪಾಠಗಳನ್ನು ಒಟ್ಟಿಗಿಟ್ಟು ಓದಿಯೇ ತೀರ್ಮಾನಿಸಬೇಕು.