ಬಸವೇಶ್ವರನಗರವೂ ನದಿ ದಂಡೆಯ ಊರೇ: ರಾಜಕಾಲುವೆ, ತಡೆಗೋಡೆ, ಪ್ರವಾಹದ ಲೆಕ್ಕ

'ಬೆಂಗಳೂರಿಗೆ ನದಿಯೇ ಇಲ್ಲ' ಅನ್ನೋ ಮಾತನ್ನು ನಾನೂ ಬಹಳ ದಿನ ನಂಬಿದ್ದೆ. ಬಸವೇಶ್ವರನಗರದಲ್ಲಿ ನಾವು 'ದೊಡ್ಡ ಮೋರಿ' ಅಂತ ಕರೆದು, ಮೂಗು ಮುಚ್ಚಿಕೊಂಡು ದಾಟುವ ಕಾಲುವೆ ವೃಷಭಾವತಿ ಕಣಿವೆಯ ಒಂದು ಕವಲು. ನದಿಯ ಒಂದು ಮೂಲ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ, ಇನ್ನೊಂದು ಕವಲು ಕಾಡು ಮಲ್ಲೇಶ್ವರದ ಕಡೆಯಿಂದ. ರಾಜಾಜಿನಗರ, ವಿಜಯನಗರ, ನಮ್ಮ ಬಡಾವಣೆಯ ನೀರೆಲ್ಲ ಸೇರಿ ಮೈಸೂರು ರಸ್ತೆ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ, ಬೈರಮಂಗಲ ಜಲಾಶಯಕ್ಕೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುತ್ತೆ. ಅಂದರೆ ನಾವು ನದಿ ದಂಡೆಯ ಜನ. ಪ್ರವಾಹ ನಮ್ಮ ವಿಷಯವೂ ಹೌದು.

ಅದು ಎಷ್ಟು ಹತ್ತಿರದ ವಿಷಯ ಅಂತ ತೋರಿಸಿದ್ದು 2017. ಅಕ್ಟೋಬರ್ 13ರ ರಾತ್ರಿಯ ಮಳೆಗೆ ಪಕ್ಕದ ಕುರುಬರಹಳ್ಳಿಯಲ್ಲಿ ದೇವಸ್ಥಾನದ ಅರ್ಚಕರೊಬ್ಬರು, ಹಾಗೇ ಒಬ್ಬ ತಾಯಿ ಮತ್ತು ಮಗಳು ರಾಜಕಾಲುವೆಯಲ್ಲಿ ಕೊಚ್ಚಿಹೋದರು. ಗಮನಿಸಿ, ಇದು ಕಣಿವೆಯ ತಳವಲ್ಲ, ಮೇಲ್ಭಾಗ. ನೀರು ಇನ್ನೂ ಪಯಣ ಶುರುಮಾಡುವ ಜಾಗದಲ್ಲೇ ಅದಕ್ಕೆ ಆ ರಭಸ ಬಂದಿದ್ದು ಹೇಗೆ?

ಲೆಕ್ಕ ಸರಳ. 30×40 ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ಒಂದು ಟ್ಯಾಂಕರ್ ಅಂತಿಟ್ಟುಕೊಳ್ಳಿ. ಮೊದಲು ಇದರಲ್ಲಿ ಒಂದು ಪಾಲು ಮಣ್ಣಿಗೆ ಇಳಿಯುತ್ತಿತ್ತು. ಉಳಿದದ್ದು ಕೆರೆಗೆ ಹೋಗಿ, ಅದು ತುಂಬಿ ಕೋಡಿ ಬಿದ್ದ ಮೇಲಷ್ಟೇ ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತಿತ್ತು. ಕೆರೆ ಅಂದರೆ ನೀರನ್ನು ತಡಮಾಡಿಸುವ ವ್ಯವಸ್ಥೆ. ಈಗ ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನ, ರಾಜಾಜಿನಗರದ ಅಗಸನ ಕೆರೆ ಗಾಯತ್ರಿದೇವಿ ಪಾರ್ಕ್. ಮನೆ ಮುಂದಿನ ಜಾಗಕ್ಕೂ ಟೈಲ್ಸ್ ಹಾಕಿಸಿದ್ದೀವಿ (ನಮ್ಮ ಮನೆಯದ್ದೂ ಸೇರಿ). ಎಲ್ಲರ ಟ್ಯಾಂಕರ್ ಒಟ್ಟಿಗೆ ಕಾಲುವೆಗೆ ಬೀಳುತ್ತೆ.

ಆ ಕಾಲುವೆಯಾದರೂ ಇದೆಯಾ? ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತು 2021ರಲ್ಲಿ ಮಂಡನೆಯಾದ ಸಿಎಜಿ ವರದಿ ಪ್ರಕಾರ, 1900ರ ದಶಕದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿದ್ದ ಕಾಲುವೆಗಳ ಉದ್ದ 226.29 ಕಿ.ಮೀ. 2016-17ರ ಹೊತ್ತಿಗೆ ಉಳಿದದ್ದು 110.75 ಕಿ.ಮೀ. ಅರ್ಧಕ್ಕಿಂತ ಹೆಚ್ಚು ಮಾಯ! ಊರು ಬೆಳೆದಂತೆ ನೀರು ಹೆಚ್ಚಾಯ್ತು, ದಾರಿ ಕಮ್ಮಿಯಾಯ್ತು.

ಪ್ರತಿ ಮಳೆಗಾಲದ ನಂತರ ಸಿಗುವ ಉತ್ತರ ಒಂದೇ: ಕಾಂಕ್ರೀಟ್ ತಡೆಗೋಡೆ. ಮನೆಗಳು ಕಾಲುವೆಯ ಅಂಚಿಗೇ ಇರುವ ಕಡೆ ಗೋಡೆ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಎರಡೂ ಬದಿ ಗೋಡೆ, ತಳಕ್ಕೂ ಕಾಂಕ್ರೀಟ್ ಹಾಕಿದರೆ ಕಾಲುವೆ ಪೈಪ್ ಥರ ಆಗುತ್ತೆ. ನೀರು ಇಂಗೋದಿಲ್ಲ, ನಿಧಾನ ಆಗೋದಿಲ್ಲ. ನಮ್ಮ ಬೀದಿ ಒಣಗುತ್ತೆ, ಕೆಳಗಿನವರ ಬೀದಿ ತುಂಬುತ್ತೆ. 2020ರ ಜೂನ್‌ನಲ್ಲಿ ಮೈಸೂರು ರಸ್ತೆಯಲ್ಲಿ, ಕೆಂಗೇರಿ ಕಡೆ, ವೃಷಭಾವತಿಯ ತಡೆಗೋಡೆಯೇ ಕುಸಿದಿತ್ತು. ಗೋಡೆ ಪ್ರವಾಹವನ್ನು ನಿಲ್ಲಿಸೋದಿಲ್ಲ, ಅದರ ವಿಳಾಸ ಬದಲಿಸುತ್ತೆ ಅಷ್ಟೇ.

ಇನ್ನು ಬಫರ್. 2016ರ ಮೇನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರಾಥಮಿಕ, ದ್ವಿತೀಯ, ತೃತೀಯ ಹಂತದ ರಾಜಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಬಫರ್ ಬಿಡಬೇಕು, ಅದನ್ನು ಕಾಲುವೆಯ ಅಂಚಿನಿಂದ ಅಳೆಯಬೇಕು ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮತ್ತೆ ಜಾರಿಗೆ ಬಂದದ್ದು 2015ರ ಮಾಸ್ಟರ್ ಪ್ಲಾನ್‌ನ 50, 25, 15 ಮೀಟರ್, ಅದೂ ಕಾಲುವೆಯ ಮಧ್ಯಭಾಗದಿಂದ. ಅಂಚೋ ಮಧ್ಯವೋ ಅನ್ನೋದು ಸಣ್ಣ ವಿಷಯ ಅನಿಸಬಹುದು. ಅಗಲವಾದ ಕಾಲುವೆಯಲ್ಲಿ ಬಫರಿನ ಒಂದು ಭಾಗವನ್ನು ಕಾಲುವೆಯೇ ನುಂಗಿಬಿಡುತ್ತೆ.

ನೆದರ್‌ಲ್ಯಾಂಡ್ಸ್ ಬೇರೆ ದಾರಿ ಹಿಡಿಯಿತು. 1993 ಮತ್ತು 1995ರ ನೆರೆಯ ನಂತರ ಏರಿ ಎತ್ತರಿಸುತ್ತಾ ಹೋಗೋದರ ಜೊತೆಗೆ ನದಿಗೇ ಜಾಗ ಬಿಡಲು ನಿರ್ಧರಿಸಿದರು. ನೈಮೆಗನ್ ನಗರದ ಎದುರು ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿದರು, ಸುಮಾರು 50 ಮನೆಗಳನ್ನು ತೆರವು ಮಾಡಿದರು. ನಮ್ಮಲ್ಲಿ 'ತೆರವು' ಅಂದರೆ ಕಣ್ಣಮುಂದೆ ಬರೋದು ಜೆಸಿಬಿ. 2016ರಲ್ಲಿ ಪ್ಲಾನ್ ಮಂಜೂರಾತಿ ತೋರಿಸುತ್ತಾ ನಿಂತವರ ಮನೆಗಳೂ ಉರುಳಿದವು. ಮಂಜೂರು ಮಾಡಿದ ಸಹಿಗೆ ಏನಾಯ್ತು ಅಂತ ಕೇಳದೆ ಬರೀ ಮನೆ ಒಡೆಯೋದನ್ನು ನಾನು ನೆರೆ ನಿಯಂತ್ರಣ ಅನ್ನಲ್ಲ.

ಹಾಗಾದರೆ ನಮ್ಮಂಥ ಮೇಲ್ಭಾಗದವರು ಮಾಡಬಹುದಾದ್ದು ಏನು? ನೀರನ್ನು ತಡಮಾಡಿಸೋದು. 2009ರ ತಿದ್ದುಪಡಿಯಿಂದ ಬೆಂಗಳೂರಲ್ಲಿ ಮಳೆನೀರು ಕೊಯ್ಲು ಕಡ್ಡಾಯ. ಹೊಸದಾಗಿ ಕಟ್ಟುವವರಿಗೆ 30×40 ಸೈಟಿನಿಂದಲೇ, ಹಳೇ ಮನೆಗಳಿಗೆ 60×40ರಿಂದ. ಬಸವೇಶ್ವರನಗರದ ಎಷ್ಟೋ ಹಳೇ ಮನೆಗಳು ಹೀಗೆ ಲೆಕ್ಕಕ್ಕೇ ಸಿಗಲಿಲ್ಲ. ಅಂಥ ಸಾವಿರ ಮನೆಗಳು ಇಂಗುಬಾವಿಯಲ್ಲೋ ಸಂಪಿನಲ್ಲೋ ಐದೈದು ಸಾವಿರ ಲೀಟರ್ ಹಿಡಿದರೆ, ಕಾಲುವೆಗೆ ಒಮ್ಮೆಲೇ ಬೀಳೋ 50 ಲಕ್ಷ ಲೀಟರ್ ತಪ್ಪುತ್ತೆ. ಪಾರ್ಕು, ಮೈದಾನಗಳನ್ನು ಸ್ವಲ್ಪ ತಗ್ಗಿಸಿದರೆ, ಮಳೆ ಜೋರಾದ ಆ ಒಂದೆರಡು ಗಂಟೆ ಅವು ಮತ್ತೆ ಕೆರೆಗಳ ಕೆಲಸ ಮಾಡಬಹುದು.

ಇದನ್ನೆಲ್ಲ ಯಾರನ್ನು ಕೇಳೋದು? ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು. ಐದು ವರ್ಷ ಕಾರ್ಪೊರೇಟರ್‌ಗಳಿಲ್ಲದೇ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು. ವೃಷಭಾವತಿಗೆ ವಾರ್ಡ್ ಗಡಿ ಗೊತ್ತಿಲ್ಲ. ವೋಟು ಕೇಳಲು ಬಂದವರು 'ನಿಮ್ಮ ಮೋರಿಗೆ ಗೋಡೆ ಕಟ್ಟಿಸ್ತೀನಿ' ಅಂದರೆ, ಆ ನೀರು ಕೆಂಗೇರಿ ತಲುಪಿದಾಗ ಏನಾಗುತ್ತೆ ಸ್ವಾಮಿ ಅಂತ ನಾನಂತೂ ಕೇಳೋನೇ.