ಹಗುರ ಗುಂಡಿನ ‘ಎಕ್ಸ್‌ಪ್ರೆಸ್’ ಓಟ

ದಪ್ಪ ನಳಿಗೆಯ ಬೇಟೆ ಕೋವಿಗೆ ಹಗುರ ಗುಂಡನ್ನು ಆರಿಸಿದರೆ ಲಾಭವೇ, ನಷ್ಟವೇ? ತೋಟಾಗಳಿಗೆ ತಾವೇ ಮದ್ದು-ಗುಂಡು ತುಂಬಿಕೊಳ್ಳುತ್ತಿದ್ದ 19ನೇ ಶತಮಾನದ ಬ್ರಿಟಿಷ್ ಬೇಟೆಗಾರರನ್ನು ಕಾಡಿದ ಪ್ರಶ್ನೆಯಿದು.

ಲಂಡನ್ನಿನ ಜೇಮ್ಸ್ ಪರ್ಡಿ 1856ರಲ್ಲಿ ಹಗುರ ಗುಂಡಿಗೆ ಹೆಚ್ಚು ಮದ್ದು ಬಳಸುವ ರೈಫಲ್ ತಯಾರಿಸಿ, ವೇಗದ ರೈಲನ್ನು ನೆನೆದು ‘ಎಕ್ಸ್‌ಪ್ರೆಸ್ ಟ್ರೇನ್’ ಎಂದು ಕರೆದರು. ಮುಂದೆ ಇಂಥ ರೈಫಲ್‌ಗಳಿಗೆಲ್ಲ ‘ಎಕ್ಸ್‌ಪ್ರೆಸ್’ ಎಂಬ ಹೆಸರೇ ನಿಂತಿತು. ವೇಗ ಹೆಚ್ಚಿದಷ್ಟೂ ಗುಂಡಿನ ಪಥ ಕಡಿಮೆ ಬಾಗುತ್ತದೆ. ಗುರಿಯ ದೂರವನ್ನು ಅಂದಾಜಿಸುವಲ್ಲಿ ಸ್ವಲ್ಪ ತಪ್ಪಿದರೂ ಏಟು ತಪ್ಪದು.

ನೀವೇ ಲೆಕ್ಕ ಹಾಕಿ. ಸುಮಾರು 0.45 ಇಂಚು ವ್ಯಾಸದ ಎರಡು ಗುಂಡುಗಳು. ಮಾರ್ಟಿನಿ-ಹೆನ್ರಿ ಸೇನಾ ರೈಫಲ್‌ನದು 31 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 410 ಮೀಟರ್. ಎಕ್ಸ್‌ಪ್ರೆಸ್‌ನದು 17.5 ಗ್ರಾಂ, ವೇಗ ಸುಮಾರು 580 ಮೀಟರ್. ಚಲನಶಕ್ತಿ 2,600 ಜೂಲ್‌ನಿಂದ 2,900ಕ್ಕೆ ಏರಿತು. ಸಂವೇಗ ಮಾತ್ರ 12.7ರಿಂದ 10.2 ಕಿ.ಗ್ರಾಂ.ಮೀ./ಸೆ.ಗೆ ಇಳಿಯಿತು.

ವ್ಯಾಸ ಅಷ್ಟೇ ಇದ್ದು ದ್ರವ್ಯರಾಶಿ ತಗ್ಗಿದರೆ, ಗಾಳಿಯಲ್ಲಿ ವೇಗ ಬೇಗ ಕುಂದುತ್ತದೆ. ಟೊಳ್ಳು ತುದಿಯ ಹಗುರ ಗುಂಡು ಜಿಂಕೆಗೆ ಸಾಕಾಯಿತು. ದೊಡ್ಡ ಪ್ರಾಣಿಯಲ್ಲಿ ಅದು ಆಳಕ್ಕಿಳಿಯದೆ ಚೂರಾದಾಗ, ಗಾಯಗೊಂಡ ಮೃಗ ನರಳುತ್ತ ಕಾಡು ಸೇರುತ್ತಿತ್ತು. ಸ್ಯಾಮ್ಯುಯೆಲ್ ಬೇಕರ್ 1890ರ ತಮ್ಮ ಕೃತಿಯಲ್ಲಿ, ಹುಲಿಗೆ ಭಾರವಾದ ಗಟ್ಟಿ ಸೀಸದ ಗುಂಡೇ ಬೇಕೆಂದು ವಾದಿಸಿದರು. ಶಕ್ತಿಯ ಅಂಕಿಯೊಂದರಿಂದಲೇ ಗುಂಡನ್ನು ಅಳೆಯಲಾಗದು.