ಫಟಫಟಿಯೂ ಮಿಸ್ತ್ರಿಯ ಕಿವಿಯೂ

ಗದಗ-ಬೆಟಗೇರಿಯಿಂದ ತೆಂಕಣಕ್ಕೆ ಹೊರಟು, ಶಿರಹಟ್ಟಿ, ಲಕ್ಷ್ಮೇಶ್ವರಗಳನ್ನು ಕಂಡು, ಕಪ್ಪತಗುಡ್ಡವನ್ನು ಬಳಸಿ ಮುಂಡರಗಿಯ ಮಾರ್ಗವಾಗಿ ಸಂಜೆಯೊಳಗೆ ಮನೆ ಸೇರುವುದು ಇಂದು ಮೋಟಾರ್‌ಸೈಕಲ್ಲಿನವನಿಗೆ ಸಾಧಾರಣ ಕಾರ್ಯವಾದರೂ, 1948ಕ್ಕೆ ಮೊದಲು ಅಂಥವನು ಮುಂಬಯಿ ಪ್ರಾಂತವನ್ನು ಬಿಟ್ಟು ಸಾಂಗಲಿ ಸಂಸ್ಥಾನದ ಶಿರಹಟ್ಟಿಯನ್ನೂ ಮಿರಜ ಸಂಸ್ಥಾನದ ಲಕ್ಷ್ಮೇಶ್ವರವನ್ನೂ ಹಾದು ಬರಬೇಕಾಗಿತ್ತು. ಸಂಸ್ಥಾನಗಳು ಅಳಿದುದು, 1956ರಲ್ಲಿ ಈ ನೆಲವು ಮೈಸೂರು ರಾಜ್ಯವನ್ನು ಸೇರಿದುದು, 1997ರಲ್ಲಿ ಗದಗವೇ ಒಂದು ಜಿಲ್ಲೆಯಾದುದು, ಇವೆಲ್ಲ ಗ್ರಂಥಸ್ಥವಾಗಿವೆ. ಆದರೆ ಈ ಎರೆಯ ದಾರಿಗಳಲ್ಲಿ ಓಡಿದ ಫಟಫಟಿಗಳ ವ್ಯಾಧಿಯನ್ನು ಸದ್ದಿನಿಂದಲೇ ನಿರ್ಣಯಿಸುತ್ತಿದ್ದ ಮಿಸ್ತ್ರಿಗಳ ವಿದ್ಯೆಯ ಇತಿಹಾಸವನ್ನು ಬರೆದವರು ವಿರಳ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬರತೊಡಗಿದ ಜಾವಾ ಗಾಡಿಗೆ, 1973ರಲ್ಲಿ ಯೆಜ್ಡಿಯೆಂದು ಹೆಸರು ಬದಲಾದ ಮೇಲೆಯೂ, ವಾಲ್ವಿನ ಗೊಡವೆಯೇ ಇರಲಿಲ್ಲ. ಅದು ಟೂ-ಸ್ಟ್ರೋಕ್, ಪಿಸ್ಟನ್ನೇ ಏರಿಳಿಯುತ್ತ ಸಿಲಿಂಡರಿನ ಕಿಂಡಿಗಳನ್ನು ಮುಚ್ಚಿ ತೆರೆಯುವುದರಿಂದ ಟ್ಯಾಪೆಟ್ಟೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಹೀಗಾಗಿ ಮಿಸ್ತ್ರಿಯ ಸಮಸ್ತ ಚಾತುರ್ಯವೂ ಕಿಡಿ ಹಾರುವ ಕ್ಷಣವನ್ನು ಗೊತ್ತುಪಡಿಸುವುದರಲ್ಲಿ ಕೇಂದ್ರೀಕೃತವಾಗಿತ್ತು. ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಅಳತೆಯ ಕಡ್ಡಿಯನ್ನಿಳಿಸಿ, ಪಿಸ್ಟನ್ ತುತ್ತತುದಿಗೇರಿದ ಸ್ಥಾನವನ್ನು ಗುರುತಿಸಿ, ಅಲ್ಲಿಂದ ಸುಮಾರು 3 ಮಿ.ಮೀ. ಹಿಂದಕ್ಕೆ ತಂದು, ತೆರೆದಾಗ ಕಿಡಿ ಹಾರಿಸುವ ಪಾಯಿಂಟಿನ ನಡುವೆ ಸಿಗರೇಟಿನ ತೆಳುಕಾಗದವನ್ನು ಸಿಕ್ಕಿಸಿ ಮೆಲ್ಲನೆ ಜಗ್ಗಿದಾಗ, ಕಾಗದವು ಹಿಡಿತದಿಂದ ಜಾರಿದ ಆ ಘಳಿಗೆಯೇ ಕಿಡಿಯ ಘಳಿಗೆ. ಕಿಡಿ ಅತಿ ಮುಂಚಿತವಾದರೆ ಕಿಕ್ ತಿರುಗಿ ಕಾಲಿಗೆ ಬಡಿಯುವುದು. ತಡವಾದರೆ ಗಾಡಿ ಕಾದು ಏರಿನಲ್ಲಿ ಸೋಲುವುದು.

1955ರಿಂದ ಮದರಾಸಿನಲ್ಲಿ ತಯಾರಾದ ಬುಲೆಟ್ಟಿನ ವಿಷಯ ಬೇರೆ. ಅದಕ್ಕೆ ವಾಲ್ವುಗಳುಂಟು, ಆದರೆ ಅವನ್ನು ತೆರೆಯುವ ಕ್ಯಾಮನ್ನು ತಿರುಗಿಸುವುದು ಹಲ್ಲುಗಾಲಿಗಳು, ಚೈನಲ್ಲ. ಎಂಜಿನ್ ತಣ್ಣಗಿರುವಾಗ ಬದಿಯ ಮುಚ್ಚಳ ತೆಗೆದು, ಪುಶ್‌ರಾಡನ್ನು ಎರಡು ಬೆರಳುಗಳಲ್ಲಿ ಹಿಡಿದರೆ ಅದು ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಕೂಡದು. ಫೀಲರ್ ಗೇಜಿನ ಹಂಗೇ ಇಲ್ಲದ ಈ ಅಳತೆಯು ಬೆರಳಿನದು.

ನಿಜವಾದ ಪಲ್ಲಟವಾದುದು 1985ರಲ್ಲಿ, ಹೀರೋ ಹೋಂಡಾ ಸಿ.ಡಿ. 100 ಬಂದಾಗ. ನೂರು ಸಿ.ಸಿ.ಗೂ ಕಡಿಮೆಯ ಈ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ಯಾಮು ಹೆಡ್ಡಿನೊಳಗೇ ಇದ್ದು, ಕ್ರ್ಯಾಂಕಿನಿಂದ ಅಲ್ಲಿಯವರೆಗೆ ಒಂದು ನೀಳವಾದ ಚೈನು ಹಾಯುತ್ತದೆ. ಕ್ರ್ಯಾಂಕು ಎರಡು ಸುತ್ತು ಬಂದರೆ ಕ್ಯಾಮು ಒಂದು. ಪೆಟ್ರೋಲ್ ತುಂಬಿಸಿ ಮರೆತುಬಿಡಿರೆಂದು ಜಾಹೀರಾತು ಸಾರಿತು. ಜನರು ಅದನ್ನು ಅಕ್ಷರಶಃ ಪಾಲಿಸಿದರೆಂದೇ ನನ್ನ ಅಭಿಪ್ರಾಯ. ಟೂ-ಸ್ಟ್ರೋಕಿನವನು ಪೆಟ್ರೋಲಿನೊಡನೆ ಆಯಿಲ್ ಬೆರೆಸುತ್ತಿದ್ದನು, ಆದುದರಿಂದ ಹೊಟ್ಟೆಯೊಳಗಿನ ಆಯಿಲ್ಲು ಕಪ್ಪಾಗಿ ಬದಲಾವಣೆಯನ್ನು ಬೇಡುತ್ತಿದೆಯೆಂಬ ಚಿಂತೆ ಅವನ ಅಭ್ಯಾಸದಲ್ಲಿರಲಿಲ್ಲ. ಎರೆಹೊಲಗಳ ಧೂಳು ಫಿಲ್ಟರನ್ನು ದಾಟಿ ಹಳೆಯ ಆಯಿಲ್ಲನ್ನು ಸೇರಿದರೆ ಚೈನಿನ ಪಿನ್ನುಗಳು ಸವೆದು, ಚೈನು ಉದ್ದವಾಗಿ, ಅದನ್ನು ಬಿಗಿಯಾಗಿಡುವ ಟೆನ್ಷನರಿನ ಶಕ್ತಿ ಮೀರಿದಾಗ ಬೆಳಗಿನ ಮೊದಲ ಕಿಕ್ಕಿಗೇ ಕರಕರ ಸದ್ದು ಏಳುತ್ತದೆ. ಕ್ಯಾಮು ತುಸು ಹಿಂದುಳಿದು ಎಂಜಿನ್ನಿನ ಜಗ್ಗುವ ಬಲ ಕುಗ್ಗುತ್ತದೆ.

ಕರಕರವನ್ನೂ ಟಿಕ್‌ಟಿಕ್ಕನ್ನೂ ಬೇರ್ಪಡಿಸಿ ಕೇಳುವುದು ಮಿಸ್ತ್ರಿಗೆ ಒದಗಿದ ಹೊಸ ವಿದ್ಯೆ. ಟಿಕ್‌ಟಿಕ್ ವಾಲ್ವನ್ನು ಒತ್ತುವ ಟ್ಯಾಪೆಟ್ಟಿನದು. ಮ್ಯಾಗ್ನೆಟ್ಟಿನ ಮೇಲಿನ ‘ಟಿ’ ಗುರುತನ್ನು ಕೇಸಿನ ಗುರುತಿಗೆ ಕೂಡಿಸಿ, ರಾಕರುಗಳೆರಡೂ ಸಡಿಲವಾಗಿವೆಯೇ ಎಂದು ಮುಟ್ಟಿ ನೋಡಿ, 0.05 ಮಿ.ಮೀ. ಗೇಜು ತುಸುವೇ ಬಿಗಿಯಾಗಿ ಸರಿಯುವಂತೆ ಸ್ಕ್ರೂ ತಿರುವಿ ನಟ್ಟು ಬಿಗಿಯಬೇಕು. ಸದ್ದೇ ಬೇಡವೆಂದು ಹಟ ಹಿಡಿಯುವ ಗಿರಾಕಿಗೆ ಅನುಭವಿ ಮಿಸ್ತ್ರಿ, “ಟ್ಯಾಪೆಟ್ ಸ್ವಲ್ಪ ಬಡೀಬೇಕ್ರೀ, ಪೂರ್ತಿ ಸುಮ್ಮನಾದ್ರ ವಾಲ್ವ್ ಸುಡತೈತಿ” ಎನ್ನುವುದು ಸತ್ಯವೇ. ಅತಿ ಬಿಗಿಯಾದ ಟ್ಯಾಪೆಟ್ಟು ವಾಲ್ವನ್ನು ಅದರ ಪೀಠದ ಮೇಲೆ ಕೂರಗೊಡದು, ಪೀಠ ಸೋಕದ ವಾಲ್ವಿನ ಶಾಖವು ಹೆಡ್ಡಿಗೆ ಹರಿಯದು.

ಪಾಯಿಂಟಿನ ಕಾಲ ಮುಗಿದು ಕಿಡಿಯನ್ನು ತಾನೇ ಹಾರಿಸುವ ಸಿ.ಡಿ.ಐ. ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದ ಮೇಲೆ ಕಿಡಿಯ ಕ್ಷಣವು ಮಿಸ್ತ್ರಿಯ ಕೈಯಿಂದ ಜಾರಿತು. ಪೆಟ್ಟಿಗೆ ಕೆಟ್ಟರೆ ಬದಲಾಯಿಸುವುದು, ಅಷ್ಟೇ. ಚೈನೂ ಟ್ಯಾಪೆಟ್ಟೂ ಮಾತ್ರ ಇನ್ನೂ ಅವನ ಕಿವಿಗೇ ಬಿಟ್ಟಿವೆ.